ಉಸಿರು ಬಿಟ್ಟು ಕೊಟ್ಟ ಅಳತೆ

ಹೊಲಿಗೆ ಮಿಷನ್ನಿನ ಮೇಲೆ ಬಗ್ಗಿ ಕೂತಾಗ ಟೈಲರಕ್ಕನ ಕುತ್ತಿಗೆಯ ಹಿಂದೆ ಎರಡು ಬೆರಳಗಲದ ಕಪ್ಪು ಪಟ್ಟಿ ಕಾಣುತ್ತಿತ್ತು. ಮೈಬಣ್ಣ ಎಣ್ಣೆಗೆಂಪು, ಆ ಪಟ್ಟಿ ಮಾತ್ರ ಮಸಿ ಹಿಡಿದ ಹಾಗೆ. ಅಲ್ಲಿನ ಚರ್ಮ ಮಖಮಲ್ಲಿನಂತೆ ಒಂದಿಷ್ಟು ದಪ್ಪ. ಅದರ ಮೇಲೆಯೇ ಅವಳ ಶಿವದಾರ ಹಾದುಹೋಗುತ್ತಿತ್ತು. ದಾರದ ತುದಿಗೆ ಬೆಳ್ಳಿಯ ಕರಡಿಗೆ, ಅದರೊಳಗೆ ಲಿಂಗ. ಹಾಗಾಗಿ ಆ ಕಪ್ಪು ಎಲ್ಲಿಂದ ಬಂತೆಂದು ನಮ್ಮ ತೆರಕಣಾಂಬಿಯಲ್ಲಿ ಯಾರೂ ಕೇಳಿದವರಲ್ಲ. ದಾರ ಉಜ್ಜಿ ಉಜ್ಜಿ ಬಂದದ್ದು, ಇನ್ನೇನು? ನಮ್ಮ ಅಜ್ಜಿಯಂತೂ ಅದನ್ನು ನೋಡಿ ಕೈಮುಗಿಯುವುದೊಂದು ಬಾಕಿ. "ಒಂದಿನಾನೂ ದಾರ ಇಳ್ಸಿಲ್ಲ ಕಣಮ್ಮಿ ಅವ್ಳು. ಕುತ್ಗೇನೇ ಯೋಳ್ತದೆ" ಎನ್ನುತ್ತಿದ್ದಳು.

ಅಕ್ಕ ಉಮ್ಮತ್ತೂರಿನ ಹೆಣ್ಣು, ನಮ್ಮೂರಿಗೆ ಸೊಸೆಯಾಗಿ ಬಂದವಳು. ಗಂಡ ಗುಂಡ್ಲುಪೇಟೆ ಮಾರ್ಕೆಟ್ಟಿನಿಂದ ಸ್ವಂತ ಲಾರಿಯಲ್ಲಿ ತರಕಾರಿ ತುಂಬಿಕೊಂಡು ಕೇರಳಕ್ಕೆ ಹೋಗಿಬರುತ್ತಿದ್ದರು. ನಮ್ಮ ಪಕ್ಕದ ಮನೆ. ಮುಂದಿನ ಕೋಣೆಯೇ ಅವಳ ಅಂಗಡಿ. ನನ್ನ ಮೊದಲ ಲಂಗದಿಂದ ಹಿಡಿದು ಕೆಲಸಕ್ಕೆ ತೊಡುವ ರವಿಕೆಯವರೆಗೆ ಎಲ್ಲವೂ ಅವಳ ಕೈಯಲ್ಲೇ ಆದದ್ದು.

ಅಳತೆ ತೆಗೆದುಕೊಳ್ಳುವುದರಲ್ಲಿ ಅವಳದೊಂದು ಕ್ರಮವಿತ್ತು. ಟೇಪು ಸೊಂಟಕ್ಕೆ ಬರುತ್ತಲೇ ಹೆಂಗಸರೆಲ್ಲ ಉಸಿರೆಳೆದು ಹೊಟ್ಟೆಯನ್ನು ಒಳಗೆ ಮಾಡಿಕೊಳ್ಳುತ್ತಾರಲ್ಲ, ಆಗ ಅಕ್ಕ ಅಳೆಯುತ್ತಿರಲಿಲ್ಲ. ಟೇಪು ಹಿಡಿದುಕೊಂಡೇ ಗೋಡೆ ನೋಡುತ್ತ ನಿಲ್ಲುತ್ತಿದ್ದಳು. "ಉಸ್ರು ಬುಡು, ಆಮೇಲ್ ಅಳಿತಿನಿ. ನಂಗೇನೂ ಅವಸ್ರ ಇಲ್ಲ." ಎಷ್ಟು ಹೊತ್ತು ಹಿಡಿದಾರು? ಕೊನೆಗೆ ಬುಸ್ಸೆಂದು ಬಿಟ್ಟು ನಗುತ್ತಿದ್ದರು. ಆಗ ಅವಳು ಅಳತೆ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ಊರಿನ ಪ್ರತಿ ಹೆಂಗಸಿಗೂ ಅದರಲ್ಲಿ ಒಂದು ಪುಟ. ಯಾರ ಸೊಂಟ ಯಾವ ವರ್ಷ ಎಷ್ಟು ಬೆಳೆಯಿತೆಂದು ಡಾಕ್ಟರಿಗಿಂತ ಅವಳಿಗೇ ಚೆನ್ನಾಗಿ ಗೊತ್ತಿತ್ತು.

ಇನ್ನೊಂದು ಅಭ್ಯಾಸ, ರವಿಕೆಯ ಎರಡೂ ಪಕ್ಕದ ಹೊಲಿಗೆಯೊಳಗೆ ಒಂದೊಂದು ಇಂಚು ಬಟ್ಟೆ ಹೆಚ್ಚಿಗೆ ಮಡಿಸಿಬಿಡುವುದು. ಮೈ ಬಂದರೆ ಬಿಚ್ಚಿ ಸಡಿಲ ಮಾಡಿಕೊಳ್ಳಲಿ ಎಂದು. ರವಿಕೆಯನ್ನು ಕೈಗೆ ಕೊಡುವಾಗ "ಒಳ್ಗ್ ಬಟ್ಟೆ ಬುಟ್ಟಿವ್ನಿ" ಎಂದು ಹೇಳದೆ ಕೊಟ್ಟವಳೇ ಅಲ್ಲ. ದಿನಕ್ಕೆ ಎಂಟು ಹತ್ತು ಸಲ ಸಣ್ಣ ಲೋಟದಲ್ಲಿ ಟೀ ಬೇಕಿತ್ತು. ಅದರಲ್ಲಿ ಚಮಚ ನಿಲ್ಲುವಷ್ಟು ಸಕ್ಕರೆ. ಬೆಳಿಗ್ಗೆ ಕೂತರೆ ಮಧ್ಯಾಹ್ನದ ಮುದ್ದೆಗೇ ಏಳುವುದು.

ನಾನು ಚಾಮರಾಜನಗರದಲ್ಲಿ ಆರೋಗ್ಯ ವಿಮೆಯ ಏಜೆಂಟ್ ಆದ ಹೊಸತು. ತಂಗಿಯ ನಿಶ್ಚಿತಾರ್ಥಕ್ಕೆ ರವಿಕೆ ಹೊಲಿಸಲು ಊರಿಗೆ ಬಂದಿದ್ದೆ. ಅಕ್ಕ ಬೆನ್ನಿನ ಕಡೆ ಅಳತೆ ತೆಗೆಯಲು ಜಡೆ ಪಕ್ಕಕ್ಕೆ ಸರಿಸಿದವಳು ಹಾಗೆಯೇ ನಿಂತುಬಿಟ್ಟಳು.

"ನಿನ್ ಕರಡಿಗೆ ಎಲ್ಲಮ್ಮಿ?"

"ದೇವರ ಗೂಡಲ್ಲಿ ಅದೆ ಅಕ್ಕ. ಬಸ್ಸಲ್ಲಿ ಓಡಾಡೋಳು. ಪೂಜೆ ಹೊತ್ಗೆ ಹಾಕ್ಕತೀನಿ."

"ತೆಗ್ದು ಎಷ್ಟ್ ವರ್ಸ ಆಯ್ತು?"

"ಕಾಲೇಜಿಗೆ ಸೇರ್ದಾಗಿಂದ."

ಈಗ ಬೈಗುಳ ಬಂತು ಎಂದು ಕುತ್ತಿಗೆ ಕುಗ್ಗಿಸಿಕೊಂಡೆ. ಬರಲಿಲ್ಲ. ಅಕ್ಕ ಸ್ಟೂಲಿನ ಮೇಲೆ ಕೂತು, ಟೇಪನ್ನು ಬೆರಳಿಗೆ ಸುತ್ತುತ್ತ, "ದಾರಾನೇ ಆಕಲ್ಲ ಅಂತೀಯೆ. ಮತ್ತೆ ನಿಂಗೂ ಈ ಕಪ್ಪು ಎಂಗ್ ಬಂತು?" ಎಂದಳು. ಆಮೇಲೆ ಅವಳ ಕೈ ಮೆಲ್ಲಗೆ ತನ್ನ ಕುತ್ತಿಗೆಗೇ ಹೋಯಿತು. "ಅಂಗಾರೆ ನಂದೂ ದಾರದ್ದಲ್ಲ."

ನಾನು ವರ್ಷಗಟ್ಟಲೆ ಅದನ್ನು ಕೊಳೆಯೆಂದುಕೊಂಡು ಕಡಲೆಹಿಟ್ಟು, ನಿಂಬೆಹಣ್ಣು ಹಾಕಿ ತಿಕ್ಕಿದ್ದೆ. ಅಕ್ಕ ಅದನ್ನು ಭಕ್ತಿಯ ಗುರುತೆಂದುಕೊಂಡು ಸುಮ್ಮನಿದ್ದಳು. ಇಬ್ಬರಿಗೂ ಒಂದೇ ಗುರುತು ಎಂದ ಮೇಲೆ ಒಳಗೆ ಏನೋ ಇದೆಯೆಂದು ಅವಳ ಲೆಕ್ಕಾಚಾರ. ಮಾರನೆಯ ದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಇಬ್ಬರೂ ಗುಂಡ್ಲುಪೇಟೆಯ ಡಾಕ್ಟರಮ್ಮನ ಆಸ್ಪತ್ರೆಯ ಲ್ಯಾಬಿಗೆ ಹೋದೆವು. ಸೂಜಿ ಹಿಡಿದ ಲ್ಯಾಬಿನವನು "ಏನೂ ತಿಂದಿಲ್ಲ ತಾನೆ?" ಎಂದ. "ಇಲ್ಲ ಕಣಪ್ಪ, ಲಿಂಗಪೂಜೆ ಮಾಡಿ ಪ್ರಸಾದ ತಗೊಂಡಿವ್ನಿ ಅಷ್ಟೆ" ಎಂದಳು ಅಕ್ಕ. ಪ್ರಸಾದವೆಂದರೆ ಬಾಳೆಹಣ್ಣು, ಸಕ್ಕರೆ, ಮೇಲೆ ಒಂದು ಚಮಚ ತುಪ್ಪ. ಅವನು ಸೂಜಿ ಕೆಳಗಿಟ್ಟ. ಪ್ರಸಾದ ಹೇಗೆ ಊಟವಾಗುತ್ತದೆಂದು ಅಕ್ಕ, ಸಕ್ಕರೆಗೆ ಪ್ರಸಾದವೆಂದು ಗೊತ್ತಾಗುವುದಿಲ್ಲವೆಂದು ಅವನು. ನಡುವೆ ನಗಲೂ ಆಗದೆ ಕೂತಿದ್ದೆ ನಾನು. ಮರುದಿನ ಪೂಜೆಯನ್ನು ಸಂಜೆಗೆ ಮುಂದೂಡಿ ಮತ್ತೆ ಹೋದೆವು. ಮೂವತ್ತು ವರ್ಷದಲ್ಲಿ ಪೂಜೆ ಹಾಗೆ ತಡವಾದದ್ದು ಅದೊಂದೇ ದಿನವಂತೆ.

ಫಲಿತಾಂಶ ನೋಡಿ ನನ್ನ ತಲೆ ಕೆಟ್ಟು ಗೊಬ್ಬರವಾಯಿತು. ನನ್ನ ಸಕ್ಕರೆ ಸರಿಯಾಗಿದೆ, ಇನ್ಸುಲಿನ್ ಮಾತ್ರ ಜಾಸ್ತಿ. ಅಕ್ಕನ ಸಕ್ಕರೆ ಗಡಿಯಲ್ಲಿದೆ, ಕಾಯಿಲೆ ಎನ್ನುವಷ್ಟಿಲ್ಲ, ಇಲ್ಲ ಎನ್ನುವಷ್ಟೂ ಇಲ್ಲ. ಇನ್ಸುಲಿನ್ ಎಂದರೆ ನಮ್ಮ ದೊಡ್ಡಪ್ಪ ಹೊಟ್ಟೆಗೆ ಚುಚ್ಚಿಕೊಳ್ಳುವ ಮದ್ದು. ಅದು ನನ್ನ ಮೈಯಲ್ಲಿ ತಾನಾಗಿಯೇ ಹೆಚ್ಚಿದೆಯೆಂದರೆ ಸಂತೋಷಪಡಬೇಕೋ ಅಳಬೇಕೋ? ಡಾಕ್ಟರಮ್ಮ ಸಮಾಧಾನದಿಂದಲೇ ಹೇಳಿದರು. ಇದು ಇನ್ಸುಲಿನ್ ಪ್ರತಿರೋಧ, ಮೈ ಇನ್ಸುಲಿನ್ನಿನ ಮಾತು ಕೇಳುತ್ತಿಲ್ಲ, ಕುತ್ತಿಗೆಯ ಕಪ್ಪು ಅದರದೇ ಗುರುತು ಇರಬಹುದು. ಹೀಗೇ ಬಿಟ್ಟರೆ ಮುಂದೆ ಸಕ್ಕರೆ ಕಾಯಿಲೆ, ಹೃದಯದ ತೊಂದರೆ, ಲಿವರಿನಲ್ಲಿ ಕೊಬ್ಬು ಬರಬಹುದು. ನನ್ನ ಮುಟ್ಟು ತಪ್ಪುವುದಕ್ಕೂ ಅದಕ್ಕೂ ನಂಟಿದೆ. "ಹಾಗಾದರೆ ಇದು ಕಾಯಿಲೆಯಾ ಮೇಡಂ?" ಎಂದೆ. "ಕಾಯಿಲೆ ಅಂತಲ್ಲ. ಆದರೆ ಬಿಡೋ ಹಾಗೂ ಇಲ್ಲ" ಎಂದರು. ಮಾತ್ರೆ ಬರೆಯಲಿಲ್ಲ. ದಿನಾ ನಡೆಯಿರಿ, ಸಕ್ಕರೆ ಬಿಡಿ, ಅನ್ನ ಕಡಿಮೆ ಮಾಡಿ, ಆರು ತಿಂಗಳಿಗೆ ಮತ್ತೆ ಬನ್ನಿ ಎಂದರು.

ಬಸ್ಸಿನಲ್ಲಿ ಬರುತ್ತ ನಾನು ಕೇಳಿದೆ, "ಅಕ್ಕ, ಸಕ್ಕರೆ ಸರಿಯಾಗದೆ ಅಂದ್ಮೇಲೆ ಇನ್ನೇನು ಕೆಟ್ಟೋಗದೆ?" ಅವಳು ಕಿಟಕಿಯಾಚೆ ಚೆಂಡುಹೂವಿನ ಹೊಲ ನೋಡುತ್ತಿದ್ದಳು.

"ಸೂಜಿ ಮೊಂಡಾದ್ರೆ ಏನಾಯ್ತದೆ ಯೋಳು. ಬಟ್ಟೆಗೆ ಇಳಿಯಲ್ಲ. ಮೋಟ್ರು ಜೋರಾಗ್ ತುಳಿತೀವಿ. ಒಲಿಗೆ ನೋಡುದ್ರೆ ನೆಟ್ಟಗೇ ಇರ್ತದೆ. ಮೋಟ್ರು ಮುಟ್ಟಿ ನೋಡು, ಸುಡ್ತಿರ್ತದೆ. ನಿಂದು ಅದು ಕಣಮ್ಮಿ. ನಂದು ಒಲಿಗೇನೂ ತಪ್ತಾ ಅದೆ."

ಡಾಕ್ಟರಮ್ಮನ ಅರ್ಧ ಗಂಟೆಗಿಂತ ಆ ನಾಲ್ಕು ಮಾತು ಚೆನ್ನಾಗಿ ನನ್ನ ತಲೆಗೆ ಹೋಯಿತು. ಆದರೆ ಇದು ಕಾಯಿಲೆಯೋ ಅಲ್ಲವೋ ಎಂಬ ಪ್ರಶ್ನೆ ಹಾಗೇ ಉಳಿಯಿತು. ಆ ತಿಂಗಳು ನನಗೆ ಅದೇ ದೊಡ್ಡ ಪ್ರಶ್ನೆಯಾಗಿತ್ತು. ಊರಿನವರಿಗೆಲ್ಲ ವಿಮೆ ಮಾಡಿಸುತ್ತಿದ್ದ ನನಗೇ ವಿಮೆಯಿರಲಿಲ್ಲ. ಹೆದರಿ ಓಡಿಹೋಗಿ ನನ್ನ ಫಾರಂ ತೆಗೆದೆ. ಅದರಲ್ಲಿ, ರಕ್ತಪರೀಕ್ಷೆಯಲ್ಲಿ ಏನಾದರೂ ಏರುಪೇರಿದೆಯೆಂದು ವೈದ್ಯರು ಹೇಳಿದ್ದುಂಟೇ ಎಂಬ ಸಾಲಿತ್ತು. ನನ್ನ ಜೊತೆಯ ಹಿರಿಯ ಏಜೆಂಟರೊಬ್ಬರನ್ನು ಕೇಳಿದೆ. "ಮಾತ್ರೆ ಇಲ್ಲ ಅಂದ್ರೆ ಕಾಯಿಲೆ ಇಲ್ಲ. ಯಾಕ್ ಸುಮ್ನೆ ಮೈಮೇಲೆ ಎಳ್ಕೋತೀಯ?" ಎಂದರು. ಸಕ್ಕರೆ ಸರಿಯಿದೆ, ಇನ್ಸುಲಿನ್ ಜಾಸ್ತಿ. ಅದು ಏರುಪೇರೋ, ಸಂಪತ್ತೋ? ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದೆ. ಕೊನೆಗೆ 'ಇಲ್ಲ' ಎಂದು ಬರೆದೆ.

ವಾರದ ಮೇಲೆ ಅಕ್ಕನ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಅವಳ ಫಾರಂ ಹರಡಿದೆ. ಅದೇ ಸಾಲಿಗೆ ಬಂದಾಗ, "ಇಲ್ಲಿ ಇಲ್ಲ ಅಂತ ಹಾಕ್ತೀನಿ ಅಕ್ಕ. ಇದೇನೂ ಕಾಯಿಲೆ ಅಲ್ವಂತೆ" ಎಂದೆ.

"ಡಾಕ್ಟ್ರು ಯೋಳಿದ್ದು ಉಂಟಾ ಅಂತ ತಾನೆ ಕೇಳವ್ರೆ? ಯೋಳವ್ರಲ್ಲ. ಉಂಟು ಅಂತ ಬರಿ."

"ಕಂತು ಜಾಸ್ತಿ ಆಗ್ಬೋದು. ಪಾಲಿಸಿ ಕೊಡಲ್ಲ ಅಂದ್ರೂ ಅಂದಾರು. ಇಂಥ ತೊಂದ್ರೆಗೆ ದುಡ್ಡು ಸಿಗೋಕೆ ವರ್ಷಗಟ್ಲೆ ಕಾಯ್ಬೇಕು ಅಂತಾರೆ."

"ಕಾಯನ. ಒಳ್ಗ್ ಬಟ್ಟೆ ಬುಡೋದು ಇವತ್ತೇ ಬಿಚ್ಚಕಾ? ಅಳತೆ ಸುಳ್ಳು ಯೋಳಿ ಒಲಿಸ್ದ ರವಿಕೆ ಮದ್ವೆ ದಿನಾನೇ ಪರ್ ಅಂತದೆ ಕಣಮ್ಮಿ. ಬರಿ."

ಬರೆದೆ. ವರದಿಯ ನಕಲನ್ನೂ ಲಗತ್ತಿಸಿದೆ. ನನ್ನ ಫಾರಂ ವಿಷಯ ಬಾಯಿ ಬಿಡಲಿಲ್ಲ.

ಅಂದಿನಿಂದ ಅಕ್ಕ ಬೆಳಿಗ್ಗೆ ಕೆರೆ ಏರಿಯ ಮೇಲೆ ನಡೆಯತೊಡಗಿದಳು. ಕರಡಿಗೆ ಅಲ್ಲಾಡದಂತೆ ಸೆರಗಿನಲ್ಲಿ ಹಿಡಿದುಕೊಂಡು ದಾಪುಗಾಲು ಹಾಕುತ್ತಿದ್ದಳು. ಟೀ ಎರಡಕ್ಕಿಳಿಯಿತು, ಸಕ್ಕರೆ ನಿಂತಿತು. ಪ್ರಸಾದದ ಬಾಳೆಹಣ್ಣು ಅರ್ಧವಾಯಿತು. "ಶಿವಂಗೂ ಅರ್ಧನೇ ಸಾಕಂತೆ" ಎನ್ನುತ್ತಿದ್ದಳು. ನಾನು ಊರಿಗೆ ಬಂದಾಗಲೆಲ್ಲ ಟೇಪು ಹಿಡಿದು ಬಾಗಿಲಲ್ಲೇ ನಿಲ್ಲಿಸುತ್ತಿದ್ದಳು. ನಾನು ಒಂದು ತಿಂಗಳು ನಡೆದು ಎರಡು ತಿಂಗಳು ಬಿಡುವವಳು. ಸೊಂಟ ಇಳಿದರೆ ಅರ್ಧ ಇಂಚು, ಏರಿದರೆ ಒಂದು. ಅವಳು ಬೈಯುತ್ತಿರಲಿಲ್ಲ, ಬರೆದುಕೊಳ್ಳುತ್ತಿದ್ದಳು ಅಷ್ಟೆ. ಒಮ್ಮೆ ಹೊಸ ರವಿಕೆ ಕೊಡುತ್ತ, "ಇದು ಸಡ್ಲ ಆದ್ ದಿನ ಬಾ. ಒಲಿಗೆ ಇಡಿದು ಕೊಡ್ತಿನಿ, ಕಾಸು ಈಸ್ಕಳಲ್ಲ" ಎಂದಳು. ಬಿಗಿಯಾಯಿತೆಂದು ಬರುವವರೇ ಎಲ್ಲರೂ, ಸಡಿಲವಾಯಿತೆಂದು ಬಂದವರನ್ನು ಅವಳು ಕಂಡಿರಲಿಲ್ಲ.

ವಿಮೆಯ ಕಾಯುವ ಅವಧಿ ಮುಗಿದ ಮೇಲಿನ ಮಾತು. ಒಂದು ಬೆಳಿಗ್ಗೆ ಅಕ್ಕನಿಗೆ ದವಡೆ ಹಿಡಿದುಕೊಂಡಂತಾಗಿ ಮೈಯೆಲ್ಲ ಬೆವರಿತು. ಗ್ಯಾಸು ಎಂದು ಜೀರಿಗೆ ನೀರು ಕುಡಿದಳಂತೆ. ಕೈಯಲ್ಲಿದ್ದ ರವಿಕೆಗೆ ಕೊಕ್ಕೆ ಹಾಕಿ ಮುಗಿಸಿದ ಮೇಲೆಯೇ ನಮ್ಮಮ್ಮನನ್ನು ಕೂಗಿದ್ದು. ಗುಂಡ್ಲುಪೇಟೆಯಲ್ಲಿ ನೋಡಿ, ಹೃದಯಾಘಾತವೆಂದು ಮೈಸೂರಿಗೆ ಕಳಿಸಿದರು. ಗಂಡ ಕೇರಳದಲ್ಲಿದ್ದರು. ನಾನು ಚಾಮರಾಜನಗರದಿಂದ ಬಸ್ಸು ಹಿಡಿದು ಆಸ್ಪತ್ರೆ ತಲುಪುವ ಹೊತ್ತಿಗೆ ಸ್ಟೆಂಟ್ ಹಾಕಿಯಾಗಿತ್ತು. ವಿಮೆಯವರು ಹಳೆಯ ಕಾಗದವೆಲ್ಲ ಕೇಳಿದರು. ಆಸ್ಪತ್ರೆಯ ವಿಮೆ ಮೇಜಿನಾಚೆಯ ಹುಡುಗಿ ಕಂಪ್ಯೂಟರ್ ನೋಡಿ, "ಮೊದಲೇ ತಿಳಿಸಿದ್ದಾರಲ್ಲ, ತೊಂದರೆ ಇಲ್ಲ ಬಿಡಿ" ಎಂದಳು. ಸಂಜೆಗೆ ಒಪ್ಪಿಗೆ ಬಂತು. ಬಿಲ್ಲಿಗೆಂದು ಮಾರಬೇಕಿದ್ದ ಗಂಡನ ಲಾರಿಯೂ ಉಳಿಯಿತು, ಅಕ್ಕನೂ ಉಳಿದಳು.

ಸಂತೋಷವಾಗಬೇಕಿತ್ತು. ನನಗೋ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಆ ಮೇಜಿನ ಮುಂದೆ ನಾಳೆ ನಮ್ಮಮ್ಮ ನಿಂತಿದ್ದರೆ, ನಾನು ಒಳಗೆ ಮಲಗಿದ್ದರೆ? ಮಂಚದ ಪಕ್ಕದಲ್ಲಿ ಕೂತು ಎಲ್ಲ ಹೇಳಿಬಿಟ್ಟೆ. "ಅಕ್ಕ, ನನ್ನ ಫಾರಂನಲ್ಲಿ ಇಲ್ಲ ಅಂತ ಬರ್ದಿದ್ದೀನಿ."

ಅಕ್ಕ ನನ್ನ ಕಡೆ ತಿರುಗಿದಳು. "ಉಸ್ರು ಇಡ್ಕಂಡು ಅಳತೆ ಕೊಟ್ಟಿದ್ದೀಯೆ" ಎಂದಳು. ಆಮೇಲೆ ನನ್ನ ಕೈ ಹಿಡಿದುಕೊಂಡು, "ಎಷ್ಟ್ ದಿನ ಇಡ್ಕಂಡಿರ್ತೀಯೆ? ಬುಡಮ್ಮಿ" ಎಂದಳು. ನನಗೆ ಅಳು ಬಂತು.

ಊರಿಗೆ ಬಂದ ವಾರವೇ ಕಂಪನಿಗೆ ಪತ್ರ ಬರೆದೆ, ಹಳೆಯ ವರದಿಯನ್ನೂ ಇಟ್ಟೆ. ಏಜೆಂಟರೇ ಹೀಗೆ ಮಾಡಿದರೆ ಹೇಗೆ ಎಂದು ಒಬ್ಬರು ಫೋನಿನಲ್ಲಿ ಬೈದರು. ಪಾಲಿಸಿ ರದ್ದಾಗುತ್ತದೆಂದೇ ತಿಳಿದಿದ್ದೆ. ಆಗಲಿಲ್ಲ. ಹೊಸ ಪರೀಕ್ಷೆ ಮಾಡಿಸಿದರು, ಕಂತು ಏರಿಸಿದರು, ಕಾಯುವ ಅವಧಿಯನ್ನು ಹೊಸದಾಗಿ ಹಾಕಿದರು. ಆ ಅವಧಿಯಲ್ಲಿ ಈಗಲೂ ಇದ್ದೇನೆ. ಅಂದಿನಿಂದ ದಿನವೂ ನಡೆಯುತ್ತೇನೆ.

ಅಕ್ಕ ಆಮೇಲೆ ಒಂದೂವರೆ ವರ್ಷ ಬದುಕಿದಳು. ಮಾತ್ರೆ ತಪ್ಪಿಸಲಿಲ್ಲ, ನಡಿಗೆ ಬಿಡಲಿಲ್ಲ. ಒಂದು ಮಧ್ಯಾಹ್ನ ಅರ್ಧ ಮುದ್ದೆ ಉಂಡು, ಮಿಷನ್ನಿನ ಪಕ್ಕದ ಚಾಪೆಯಲ್ಲಿ ಒರಗಿದವಳು ಏಳಲಿಲ್ಲ. ನಮ್ಮ ಪದ್ಧತಿಯಂತೆ ಲಿಂಗವನ್ನು ಅಂಗೈಯಲ್ಲಿಟ್ಟು ಕೂರಿಸಿ ಮಣ್ಣು ಮಾಡಿದರು. ಸ್ನಾನ ಮಾಡಿಸುವಾಗ ಕುತ್ತಿಗೆ ನೋಡಿದೆ. ಕಪ್ಪು ತಿಳಿಯಾಗಿತ್ತು, ಪೂರ್ತಿ ಹೋಗಿರಲಿಲ್ಲ.

ನನಗೆ ಇದು ಇವತ್ತಿಗೂ ಅರ್ಥವಾಗಿಲ್ಲ. ನಿಜ ಬರೆದವಳು, ಸಕ್ಕರೆ ಬಿಟ್ಟವಳು, ಕೆರೆ ಏರಿ ಸವೆಯುವಷ್ಟು ನಡೆದವಳು ಹೋದಳು. ಸುಳ್ಳು ಬರೆದು ಕಳ್ಳಬಿದ್ದವಳು ಇದ್ದೇನೆ. ಡಾಕ್ಟರಮ್ಮನನ್ನು ಕೇಳಿದರೆ, ಅವರದು ತಡವಾಗಿ ಗೊತ್ತಾಯಿತು, ನಿಮ್ಮದು ಬೇಗ ಗೊತ್ತಾಯಿತು ಎನ್ನುತ್ತಾರೆ. ಅಂದರೆ ನನ್ನದು ಬೇಗ ಗೊತ್ತಾಗಲು ಅವಳ ಕುತ್ತಿಗೆಯೇ ಬೇಕಾಯಿತು. ಇದು ಯಾವ ನ್ಯಾಯವೋ ನಾನರಿಯೆ.

ಹೋದ ತಿಂಗಳು ಅವಳು ಹೊಲಿದ ಕೊನೆಯ ರವಿಕೆ ತೊಟ್ಟೆ. ಸೊಂಟದಲ್ಲಿ ಎರಡು ಬೆರಳು ಸಡಿಲ. ಕನ್ನಡಿಯ ಮುಂದೆ ಉಸಿರು ಪೂರ್ತಿ ಬಿಟ್ಟು ಇನ್ನೊಮ್ಮೆ ನೋಡಿದೆ, ಸಡಿಲವೇ. ಹಿಡಿದು ಕೊಡುತ್ತೇನೆಂದವಳ ಬಾಗಿಲಿಗೆ ಬೀಗ ಬಿದ್ದಿದೆ. ಗುಂಡ್ಲುಪೇಟೆಯಲ್ಲಿ ಬೇಕಾದಷ್ಟು ಟೈಲರುಗಳಿದ್ದಾರೆ. ಯಾರಿಗೂ ಕೊಡಲು ಮನಸ್ಸು ಬರಲಿಲ್ಲ. ಪಿನ್ನು ಹಾಕಿಕೊಂಡೇ ತೊಡುತ್ತೇನೆ.