ಹುಳ ಹಣ್ಣಾದ ಮನೆಯ ಗೆಳತಿ

ರಾಮನಗರದಿಂದ ಮಾಗಡಿಗೆ ಹೋಗುವ ದಾರಿಯಲ್ಲಿ ನಮ್ಮೂರು. ನಾವು ರೇಷ್ಮೆ ಹುಳ ಸಾಕುವವರು. ಬಾಗಿಲಲ್ಲಿಟ್ಟ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕಾಲು ಅದ್ದದೆ ಹುಳದ ಮನೆಯೊಳಕ್ಕೆ ಯಾರನ್ನೂ ಬಿಡುವವಳಲ್ಲ ನಾನು. ಒಮ್ಮೆ ನನ್ನ ಸ್ವಂತ ಅಣ್ಣನನ್ನೇ ಹೊಸಿಲಾಚೆ ನಿಲ್ಲಿಸಿದ್ದಕ್ಕೆ ಅವನು ಯುಗಾದಿಯವರೆಗೂ ಮಾತು ಬಿಟ್ಟಿದ್ದ. ಬಿಟ್ಟರೆ ಬಿಡಲಿ, ಹುಳಕ್ಕೆ ರೋಗ ತಗಲಿದರೆ ಅವನು ಬಂದು ನೋಡುತ್ತಾನೆಯೇ? ಇಷ್ಟು ಬಿಗಿಯಾಗಿದ್ದವಳು ಮಗಳ ವಿಷಯದಲ್ಲಿ ಹೇಗೆ ಎಡವಿದೆನೋ, ಇವತ್ತಿಗೂ ನನಗೆ ಸರಿಯಾಗಿ ತಿಳಿಯುವುದಿಲ್ಲ.

ಆಗ ಮೈಸೂರು ರಸ್ತೆಯ ಉದ್ದಕ್ಕೂ ಕಾರ್ಖಾನೆಗಳು ಏಳುತ್ತಿದ್ದವು. ಬಸ್ಸಿನಲ್ಲಿ ಪಕ್ಕ ಕೂತವರನ್ನು "ಯಾವೂರು, ಯಾರ ಮನೆ" ಎಂದು ಕೇಳುವುದು ನಮ್ಮ ಕಡೆಯ ಅಭ್ಯಾಸ. ನಾಲ್ಕು ಮಾತಾಡುವಷ್ಟರಲ್ಲಿ ಯಾವುದಾದರೂ ನೆಂಟಸ್ತಿಕೆ ಸಿಕ್ಕಿಬಿಡುತ್ತಿತ್ತು. ಈಗ ಕೇಳಿದರೆ ಜನ ನಾನು ಕೇಳಿಯೇ ಇರದ ಊರುಗಳ ಹೆಸರು ಹೇಳತೊಡಗಿದ್ದರು. ಕೆಲವರಿಗೆ ಪ್ರಶ್ನೆಯೇ ಅರ್ಥವಾಗುತ್ತಿರಲಿಲ್ಲ. ಯಾರನ್ನು ನಂಬಬೇಕು, ಯಾರಿಂದ ದೂರ ಇರಬೇಕು ಎಂಬ ನನ್ನ ಲೆಕ್ಕಾಚಾರವೆಲ್ಲ ತಲೆಕೆಳಗಾಗಿತ್ತು.

ಮಗಳು ರಾಮನಗರದಲ್ಲಿ ಮೊದಲ ವರ್ಷದ ಪಿಯುಸಿ ಓದುತ್ತಿದ್ದಳು. ಕಾಲೇಜು ಬಿಟ್ಟ ಮೇಲೆ ಬಸ್ಸು ಬರುವ ತನಕ ಸೈಬರ್ ಸೆಂಟರಿನಲ್ಲಿ ಕೂರುತ್ತಿದ್ದಳು. ಕಂಪ್ಯೂಟರಿನಲ್ಲಿ ಸ್ನೇಹಿತರನ್ನು ಮಾಡಿಕೊಳ್ಳುವ ಒಂದು ಜಾಗವಿದೆ, ಅಲ್ಲಿ ತನಗೊಬ್ಬಳು ಗೆಳತಿ ಸಿಕ್ಕಿದ್ದಾಳೆ ಎಂದು ಅವಳೇ ನನಗೆ ಹೇಳಿದಳು. ಮುಚ್ಚಿಡುವ ಸ್ವಭಾವದವಳಲ್ಲ.

"ಮುಖ ಕಾಣ್ದೇ ಇರೋರ ಜೊತೆ ಎಂತಾ ಸ್ನೇಹವೇ?" ಎಂದು ಬೈದೆ.

"ಅವ್ರೂ ಹುಳ ಸಾಕ್ತಾರೆ ಕಣಮ್ಮ. ಕನಕಪುರದ ಕಡೇರು. ಬೇಕಾರೆ ಬಂದು ನೋಡು."

ಗೂಡು ಮಾರಲು ರಾಮನಗರದ ಮಾರ್ಕೆಟ್ಟಿಗೆ ಹೋದ ದಿನ, ಗಂಡನನ್ನು ಅಲ್ಲೇ ಹರಾಜಿನ ಹತ್ತಿರ ಬಿಟ್ಟು ನಾನು ಸೈಬರ್ ಸೆಂಟರಿಗೆ ಹೋದೆ. ಮಗಳು ಸಣ್ಣ ಗೂಡಿನಂಥ ಜಾಗದಲ್ಲಿ ಕೂರಿಸಿದಳು. ಪರದೆಯ ಮೇಲೆ ಗೆಳತಿಯ ಮುಖವಿರಬೇಕಾದ ಕಡೆ ಒಂದು ಗುಲಾಬಿ ಹೂವಿತ್ತು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡವನ್ನು ಮಗಳು ನನಗೆ ಓದಿ ಹೇಳಿದಳು. "ನಿಮ್ಮ ಹುಳ ಎಷ್ಟನೇ ಜ್ವರದಲ್ಲಿವೆ?" ಎಂದು ಕೇಳಿತ್ತು ಆ ಗುಲಾಬಿ. ಹುಳ ಮೇವು ಬಿಟ್ಟು ಪೊರೆ ಕಳಚುವುದಕ್ಕೆ ಜ್ವರ ಎನ್ನುವುದು ಹುಳ ಸಾಕುವವರಿಗಲ್ಲದೆ ಯಾರಿಗೆ ಗೊತ್ತು? ನನ್ನ ಸಿಟ್ಟೆಲ್ಲ ಇಳಿದುಹೋಯಿತು.

"ನಮ್ಮ ಕಡೇರೇ ಬುಡು" ಎಂದೆ.

ಅಷ್ಟಕ್ಕೇ ಸುಮ್ಮನಿದ್ದೆನೇ? ಪಕ್ಕದಲ್ಲಿ ಕೂತು ಉತ್ತರವನ್ನೂ ಹೇಳಿಕೊಟ್ಟೆ. ನಮ್ಮೂರು ಯಾವುದು, ಮನೆ ಹುಣಸೆಮರದ ಯಾವ ಪಕ್ಕ, ಗೂಡು ಮಾರುವ ದಿನ ಗಂಡ ಹೆಂಡತಿ ಇಬ್ಬರೂ ಮಾರ್ಕೆಟ್ಟಿನಲ್ಲಿರುತ್ತೇವೆ ಎಂದೆಲ್ಲ. ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯ ಮುಂದೆ ನಾನೂ ಮಗಳೂ ನಿಂತಿದ್ದ ಫೋಟೊ ಒಂದಿತ್ತು. ಅದನ್ನು ಹಾಕು, ನಮ್ಮ ಬೆಳೆ ನೋಡಲಿ ಎಂದವಳೂ ನಾನೇ. ಆ ಸಲ ಗೂಡು ಅಷ್ಟು ಚೆನ್ನಾಗಿ ಬಂದಿತ್ತು, ಜಂಬ ಬೇರೆ.

ಒಂದು ಶನಿವಾರ ಮಗಳು ಬ್ಯಾಗು ಕೆಳಗಿಡುವ ಮೊದಲೇ ಕೇಳಿದಳು.

"ಅಮ್ಮ, ಅವಳು ನಾಳೆ ಮಾಗಡಿ ಬಸ್ ಸ್ಟ್ಯಾಂಡಿಗೆ ಬತ್ತಾಳಂತೆ. ಸಾವನದುರ್ಗ ನೋಡ್ಕಂಡು ಬರೋಣ ಅಂದವ್ಳೆ. ಹೋಗ್ಲಾ?"

"ಅವ್ರ ಬೆಳೆ ಎಂಗೈತಂತೆ?"

"ಹುಳ ಹಣ್ಣಾಗವಂತೆ. ಅದುಕ್ಕೇ ನಾಳೆ ಫ್ರೀ ಅಂತೆ."

ಸೊಪ್ಪು ಕತ್ತರಿಸುತ್ತಿದ್ದವಳು ಮಚ್ಚು ಕೆಳಗಿಟ್ಟೆ. ಹುಳ ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ ದಿನ, ಅವನ್ನು ಒಂದೊಂದಾಗಿ ಆರಿಸಿ ಚಂದ್ರಿಕೆಗೆ ಬಿಡಬೇಕು. ತಡವಾದರೆ ಹುಳ ಕಂಡಲ್ಲಿ ನೂಲು ಬಿಟ್ಟು ಬೆಳೆ ಹಾಳು. ಮಕ್ಕಳು ಸ್ಕೂಲಿಗೆ ಹೋಗುವುದಿಲ್ಲ, ಅಕ್ಕಪಕ್ಕದವರನ್ನೂ ಕೂಗುತ್ತೇವೆ. ಅವತ್ತು ಫ್ರೀ ಇರುವ ಹೆಣ್ಣುಮಗಳು ಯಾವ ಮನೆಯವಳು?

ಗಂಡನಿಗೆ ಹೇಳಿದರೆ, "ಅವ್ರ ಮನೇಲಿ ಆಳುಗಳು ಅವ್ರೇನೋ. ನಿಂಗೆ ಎಲ್ಲಾದ್ರಲ್ಲೂ ಅನುಮಾನ" ಎಂದ. ಅದೂ ಇರಬಹುದು ಅನಿಸಿತು. ಸೋಮಾರಿ ಹುಡುಗಿಯೂ ಇರಬಹುದು. ಆದರೂ ಮನಸ್ಸು ಒಪ್ಪಲಿಲ್ಲ. ಮಗಳನ್ನು ಮನೆಯಲ್ಲೇ ಇರಿಸಿ, ಬೆಳಿಗ್ಗೆ ನೀಲಿ ಸೀರೆ ಉಟ್ಟು ನಾನೇ ಮಾಗಡಿ ಬಸ್ಸು ಹತ್ತಿದೆ.

ಬಸ್ ಸ್ಟ್ಯಾಂಡಿನಲ್ಲಿ ಏನು ನೋಡಬೇಕೆಂದೇ ಗೊತ್ತಿರಲಿಲ್ಲ. ಗುಲಾಬಿ ಹೂವನ್ನು ಎಲ್ಲಿ ಹುಡುಕಲಿ? ಇಸ್ತ್ರಿ ಮಾಡಿದ ಅಂಗಿಯವನೊಬ್ಬ ಗಡಿಯಾರ ನೋಡುತ್ತಿದ್ದ. ನನ್ನ ವಯಸ್ಸಿನವನೊಬ್ಬ ಬೇಕರಿಯ ಮುಂದೆ ಟೀ ಕುಡಿಯುತ್ತಿದ್ದ. ಕಾರ್ಖಾನೆಯ ಗುರುತಿನ ಚೀಟಿ ಕೊರಳಿಗೆ ಹಾಕಿಕೊಂಡ ಗಂಡಸರು ಗುಂಪಾಗಿ ನಿಂತಿದ್ದರು. ಇವನಾ? ಇವನಾ? ಎಲ್ಲರೂ ಕಳ್ಳರಂತೆಯೇ ಕಂಡರು, ಎಲ್ಲರೂ ಪಾಪದವರಂತೆಯೂ ಕಂಡರು. ಹಳದಿ ಚೂಡಿದಾರದ ಹುಡುಗಿಯೊಬ್ಬಳು ಒಂಟಿಯಾಗಿ ನಿಂತಿದ್ದಳು. ಹತ್ತಿರ ಹೋಗಿ ಕೇಳಿದೆ.

"ಯಾವೂರವ್ವ ನೀನು? ಯಾರ ಮನೆ?"

"ಯಾಕಾಂಟಿ?" ಎಂದವಳೇ ಮುಖ ತಿರುಗಿಸಿ, ಬಂದ ಬಸ್ಸು ಹತ್ತಿ ಹೊರಟುಹೋದಳು.

ಆ ಗೆಳತಿ ಇವಳೇ ಆಗಿದ್ದರೆ? ನಾನೇ ಒಂದು ಮಗುವಿನ ಮೇಲೆ ಇಲ್ಲದ್ದು ಕಲ್ಪಿಸಿಕೊಂಡೆನೇನೋ ಎಂದು ನಾಚಿಕೆಯಾಯಿತು. ಮಧ್ಯಾಹ್ನದ ತನಕ ನಿಂತು ವಾಪಸಾದೆ. "ಬಂದಿದ್ಲಾ?" ಎಂದು ಮಗಳು ಕೇಳಿದಾಗ ಹೌದು ಎನ್ನಲೂ ಆಗಲಿಲ್ಲ, ಇಲ್ಲ ಎನ್ನಲೂ ಆಗಲಿಲ್ಲ.

ಸೋಮವಾರ ಇಬ್ಬರೂ ಸೈಬರ್ ಸೆಂಟರಿಗೆ ಹೋದೆವು. ಗುಲಾಬಿಯಿಂದ ಒಂದು ಸಾಲು ಬಂದು ಕೂತಿತ್ತು. ಮಗಳು ಓದಲು ಶುರುಮಾಡಿ ಅರ್ಧಕ್ಕೇ ನಿಲ್ಲಿಸಿದಳು. ಓದೇ ಎಂದು ಗದರಿದೆ.

"ಯಾಕೆ ಅಮ್ಮನ್ನ ಕಳಿಸಿದ್ದೆ? ನೀಲಿ ಸೀರೆ ಅವರಿಗೆ ಚೆನ್ನಾಗಿ ಒಪ್ಪುತ್ತೆ."

ನಾನು ಯಾರನ್ನು ಹುಡುಕುತ್ತಿದ್ದೆನೋ ಆ ಜೀವ ಅಲ್ಲೇ ನಿಂತು, ಫೋಟೊದ ಮುಖವನ್ನು ಗುರುತು ಹಿಡಿದು, ನನ್ನನ್ನೇ ನೋಡುತ್ತಿತ್ತು. ಸೆಂಟರಿನ ಯಜಮಾನರನ್ನು ಕರೆದು ಫೋಟೊ, ಮಾತು, ಹೆಸರು ಎಲ್ಲ ಅಳಿಸಿ ಎಂದೆ. ಅವರು ಅಳಿಸಿಕೊಟ್ಟರು. ಆದರೆ ಹುಣಸೆಮರದ ಪಕ್ಕದ ಮನೆ ಆಗಲೇ ಇನ್ನೊಬ್ಬರ ತಲೆಯಲ್ಲಿತ್ತು.

ಹೆದರಿಕೆ ನನ್ನಲ್ಲಿ ಯಾವಾಗಲೂ ಸಿಟ್ಟಾಗಿಯೇ ಹೊರಬೀಳುವುದು. ಬಸ್ಸಿಗೆ ಕಾಯುತ್ತಾ ಮಗಳ ಮೇಲೆ ಹರಿಹಾಯ್ದೆ.

"ಇನ್ಮೇಲೆ ಯಾರೇ ಮಾತಾಡ್ಸಿದ್ರೂ ಮೊದ್ಲು ನನ್ನ ಕೇಳ್ಬೇಕು, ತಿಳೀತಾ?"

ಅವಳು ಅಳುತ್ತಿರಲಿಲ್ಲ. ನನ್ನ ಮುಖವನ್ನೇ ನೋಡಿದಳು.

"ಕೇಳಿದ್ನಲ್ಲಮ್ಮ. ನಮ್ಮ ಕಡೇರೇ ಬುಡು ಅಂದೆ."