ಒಂದು ನೆಲದ ಹೂವು

ನರಸಕ್ಕ ಒಂದೇ ಒಂದು ಮಾತು ಆಡಿದಳು, ಅದಕ್ಕೆ ಒಂಬತ್ತು ವರ್ಷ ಹಿತ್ತಲಿಗೆ ಕಟ್ಟುಬಿದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ದೊಡ್ಡವರು ಸುಮ್ಮನೆ ಹೇಳಿಲ್ಲ. ತೆಲುಗು, ಕನ್ನಡ ಎರಡನ್ನೂ ಒಂದೇ ಬಾಯಲ್ಲಿ ಕಲಸಿ ಆಡುವ ನಮ್ಮ ಸೀಮೆಯಲ್ಲಂತೂ ಮಾತಾಡುವವರು ಒಬ್ಬರು, ಅದಕ್ಕೆ ಅರ್ಥ ಹಚ್ಚುವವರು ಇನ್ನೊಬ್ಬರು.

ಅವಳು ಹಿಂದೂಪುರದ ನೇಕಾರರ ಮನೆಯ ಮಗಳು. ಕಲ್ಯಾಣದುರ್ಗದ ಓಬಳೇಶಪ್ಪನ ಕೈಹಿಡಿದು ಬರುವಾಗ ತಾಯಿ ಪಾಪಕ್ಕ ಮಡಿಲಕ್ಕಿಯ ಜೊತೆಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಕನಕಾಂಬರದ ಸಸಿಯೊಂದನ್ನೂ ಕೊಟ್ಟಿದ್ದಳು. ಹೊಸ ಊರಿನ ಕೆಂಪು ಗರಸು ನೆಲದಲ್ಲಿ ಅದು ಬದುಕುತ್ತದೆಂದು ಯಾರೂ ನಂಬಿರಲಿಲ್ಲ. ನರಸಕ್ಕ ನುಗ್ಗೆಮರದ ಅರೆನೆರಳಲ್ಲಿ ಗುಂಡಿ ತೆಗೆದು, ಕುರಿಗೊಬ್ಬರ ಬೆರೆಸಿ, ಬಚ್ಚಲ ನೀರಿಗೆ ಬೆರಳಗಲದ ಕಾಲುವೆ ಮಾಡಿದಳು. ನೀರು ನಿಂತರೆ ಬೇರು ಕೊಳೆಯುತ್ತದೆ, ಬಿಸಿಲು ಹೆಚ್ಚಾದರೆ ಎಲೆ ಸುರುಟುತ್ತದೆ. ಹೂ ಮುಗಿದ ತೆನೆಯನ್ನು ಅಂದಂದೇ ಚಿವುಟಿದರೆ ಪಕ್ಕದಲ್ಲಿ ಹೊಸ ತೆನೆ. ಒಂದೆರಡನ್ನು ಮಾತ್ರ ಒಣಗಲು ಬಿಡುತ್ತಿದ್ದಳು. ಆ ಒಣಗಿದ ಕಾಯಿಗೆ ಒಂದು ಹನಿ ನೀರು ಬಿದ್ದರೆ ಸಾಕು, ಚಟ್ಟನೆ ಸಿಡಿದು ಬೀಜ ಮಾರುದೂರ ಹಾರುತ್ತಿತ್ತು. ಚಿಕ್ಕಂದಿನಲ್ಲಿ ಅವಳೂ ತಮ್ಮ ಶ್ರೀರಾಮುಲುವೂ ಅದಕ್ಕೆ ಉಗುಳು ಹಚ್ಚಿ ಒಬ್ಬರ ಮುಖಕ್ಕೊಬ್ಬರು ಸಿಡಿಸಿ ಆಡುತ್ತಿದ್ದರು. ಮೂರು ವರ್ಷದಲ್ಲಿ ಒಂದು ಸಸಿ ಒಂದು ಸಾಲಾಯಿತು.

ಆಂಧ್ರ ರಾಜ್ಯವಾದ ಮರುವರ್ಷ ಓಬಳೇಶಪ್ಪನಿಗೆ ವಿಷಮಜ್ವರ ಬಂತು. ಇಪ್ಪತ್ತು ದಿನವಾದರೂ ಇಳಿಯಲಿಲ್ಲ. ನರಸಕ್ಕ ಬೀದಿಯ ಕೊನೆಯ ಚೌಡಮ್ಮನ ಗುಡಿಗೆ ಓಡಿ ಅಡ್ಡಬಿದ್ದಳು. "ಇವರನ್ನ ಉಳಿಸ್ಕೊಡು ತಾಯಿ, ಒಂದು ನೆಲ ಹೂವೆಲ್ಲ ನಿಂದೇ!"

ತೆಲುಗಿನಲ್ಲಿ ನೆಲ ಎಂದರೆ ತಿಂಗಳು. ಅವಳ ತೌರಿನಲ್ಲಿ ಕನ್ನಡ ಆಡುವಾಗಲೂ ತಿಂಗಳಿಗೆ ನೆಲ ಎಂದೇ ಅನ್ನುತ್ತಿದ್ದರು. ಗಂಡ ಎದ್ದು ಕೂತ. ಒಂದು ತಿಂಗಳು ದಿನವೂ ಮಿಂದು, ಒದ್ದೆ ಸೀರೆಯಲ್ಲೇ ಹೂ ಕಿತ್ತು ಕಟ್ಟಿ ಗುಡಿಗೆ ಕೊಟ್ಟಳು. ಮೂವತ್ತೊಂದನೆಯ ದಿನ ಕಟ್ಟಿದ ಹೂವಿನ ಒಂದು ತುಂಡನ್ನು ಆಸೆಯಿಂದ ತನ್ನ ತುರುಬಿಗೆ ಮುಡಿದಳು.

"ಅಯ್ಯೋ, ದೇವ್ರ ಹೂವ ಮುಡ್ಕೊಂಡ್ಬುಟ್ಟೆಯಲ್ಲೇ!" ಎಂದು ಅತ್ತೆ ಎರ್ರಮ್ಮ ಬಾಯಿ ಬಡಿದುಕೊಂಡಳು.

"ನೆಲ ಆಯ್ತಲ್ಲ ಅತ್ತೆ."

"ನೆಲ ಎಲ್ಲಿ ಹೋಯ್ತೇ? ಇಲ್ಲೇ ಐತಲ್ಲ!" ಎಂದು ಎರ್ರಮ್ಮ ಹಿತ್ತಲ ಮಣ್ಣನ್ನೇ ಕಾಲಿಂದ ತಟ್ಟಿ ತೋರಿಸಿದಳು.

ನ್ಯಾಯಕ್ಕೆ ಪೂಜಾರಿ ಮುತ್ಯಾಲಪ್ಪ ಬಂದ. ಅಮ್ಮನ ಮುಂದೆ ಒಂದು ನೆಲದ ಹೂವೆಲ್ಲ ಎಂದು ಅಂದದ್ದನ್ನು ಕಿವಿಯಾರೆ ಕೇಳಿದ್ದೇನೆ, ಈ ನೆಲದಲ್ಲಿ ಬೆಳೆದದ್ದೆಲ್ಲ ಅಮ್ಮನದೇ ಎಂದ. ಅವನಿಗೆ ತೆಲುಗು ಬರುತ್ತಿರಲಿಲ್ಲವೇ? ಅವನು ಮನೆಯಲ್ಲಿ ಬೈಯುತ್ತಿದ್ದುದೇ ತೆಲುಗಿನಲ್ಲಿ! ಆದರೆ ಕೂತಲ್ಲಿಗೆ ದಿನವೂ ಕಟ್ಟಿದ ಹೂ ಬರುವಾಗ ಯಾವ ಪೂಜಾರಿಗೆ ತಿಂಗಳು ನೆನಪಾದೀತು? ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇಂಥವರನ್ನು ನೋಡಿಯೇ ಹುಟ್ಟಿರಬೇಕು. ಎರ್ರಮ್ಮನಿಗೂ ತೆಲುಗು ಬರುತ್ತಿತ್ತು. ಆದರೆ ಸೊಸೆ ಬಂದಮೇಲೆ ಅವಳು ನೂಲು ಸುತ್ತುವ ರಾಟೆ ಮುಟ್ಟಿರಲಿಲ್ಲ. ಸೊಸೆ ತೌರಿಗೆ ಹೋದರೆ ಮಗನ ಮಗ್ಗಕ್ಕೆ ನೂಲು ಸುತ್ತುವವರು ಯಾರು? ಅದಕ್ಕೇ ಹರಕೆ ಹೊತ್ತ ಕೈಯೇ ಹೂ ಕೀಳಬೇಕು ಎಂದು ಇನ್ನೊಂದು ಗಂಟು ಹಾಕಿದಳು. ಸೊಸೆ ಮುಟ್ಟಾಗಿ ಹೊರಗೆ ಕೂರುವ ಮೂರು ದಿನ ಮಾತ್ರ ಅತ್ತೆಯ ಕೈಯ ಹೂವಿಗೂ ಚೌಡಮ್ಮ ಒಪ್ಪುತ್ತಿದ್ದಳು. ನಾಲ್ಕನೆಯ ದಿನಕ್ಕೆ ಒಪ್ಪುತ್ತಿರಲಿಲ್ಲ. ಆ ಲೆಕ್ಕ ಅಮ್ಮ ಎರ್ರಮ್ಮನಿಗೆ ಯಾವಾಗ ಹೇಳಿದ್ದಳೋ ನನಗಂತೂ ಗೊತ್ತಿಲ್ಲ.

ಹೀಗೆ ಒಂಬತ್ತು ವರ್ಷ. ತಾನೇ ಸಾಕಿದ ಗಿಡಗಳು ತನ್ನನ್ನೇ ಕಾವಲು ಕಾಯುತ್ತಿವೆ ಎಂದು ನರಸಕ್ಕನಿಗೆ ಕೆಲವು ಮುಂಜಾನೆ ಅನ್ನಿಸುತ್ತಿತ್ತು. ನೀರು ಹಾಕದೆ ಒಣಗಿಸಿಬಿಡಲೇ ಎಂದು ಎರಡು ದಿನ ಬಿಟ್ಟೂ ನೋಡಿದಳು. ಎಲೆ ಜೋತುಬಿದ್ದದ್ದನ್ನು ಕಂಡು ಕೊಡ ಎತ್ತಿಕೊಂಡು ಓಡಿದಳು. ಪಾಪಕ್ಕನೇ ಎರಡು ಮೂರು ಸಲ ಬಂದು ಮಗಳನ್ನು ನೋಡಿಕೊಂಡು ಹೋಗಿದ್ದಳು. ಆಮೇಲೆ ಅವಳ ಕಣ್ಣು ಮಸುಕಾಯಿತು.

ಅರವತ್ತಮೂರರ ಶಿವರಾತ್ರಿ ಕಳೆದಮೇಲೆ ಶ್ರೀರಾಮುಲುವಿನ ಕಾರ್ಡು ಬಂತು. ಅಮ್ಮನಿಗೆ ಒಂದು ಕಣ್ಣು ಪೂರಾ ಹೋಗಿದೆ, ಇನ್ನೊಂದೂ ಹೋಗುತ್ತಿದೆ, ಬೆಳಕಿರುವಾಗಲೇ ಅಕ್ಕನ ಮುಖ ಒಂದು ಸಲ ನೋಡಬೇಕಂತೆ. ನರಸಕ್ಕ ಕಾರ್ಡನ್ನು ಗಂಡನ ಮುಂದೆ ಹಿಡಿದಳು. ಅವನು ಮಗ್ಗದ ಗುಂಡಿಯಿಂದ ತಲೆ ಎತ್ತದೆ, "ಅಮ್ಮನ್ನ ಕೇಳು" ಎಂದ. ಅಮ್ಮ, "ಚೌಡಮ್ಮನ್ನ ಕೇಳು" ಎಂದಳು. ಚೌಡಮ್ಮ ಮಾತಾಡುವವಳಲ್ಲ, ಆದ್ದರಿಂದ ಮುತ್ಯಾಲಪ್ಪನನ್ನು ಕೇಳಬೇಕಾಯಿತು.

"ನೆಲದಾಗೆ ಒಂದು ಗಿಡ ಇರೋ ಗಂಟ ಬಿಡುಗಡೆ ಇಲ್ಲ ಕಣಮ್ಮ" ಎಂದ ಅವನು.

ಮೂರು ವಾರ ಇದೇ ಓಡಾಟವಾಯಿತು. ಮೂರು ವಾರವೂ ಅಲ್ಲಿ ತಾಯಿಯ ಕಣ್ಣು ಆರುತ್ತಿತ್ತು. ಒಂದು ಬೆಳಿಗ್ಗೆ ನೀರು ಹಾಕುತ್ತ ಪೂಜಾರಿಯ ಮಾತನ್ನೇ ನೆನೆಯುತ್ತಿದ್ದ ನರಸಕ್ಕ ತಟ್ಟನೆ ಕೊಡ ಕೆಳಗಿಟ್ಟು ಗುದ್ದಲಿ ತಂದಳು. ಒಂದೊಂದೇ ಗಿಡವನ್ನು ಬೇರು ಕಡಿಯದಂತೆ, ಮಣ್ಣಿನ ಹೆಂಟೆಯ ಸಮೇತ ಎಬ್ಬಿಸಿದಳು. ಆ ಅಲುಗಾಟಕ್ಕೆ ಒಣತೆನೆಗಳೆಲ್ಲ ಉದುರಿ ಚೆಲ್ಲಿದವು. ಬೀದಿಯ ಮನೆಮನೆಗೂ ಒಂದೊಂದು ಗಿಡ ಕೊಟ್ಟು ಬಂದಳು. ತಾಯಿ ಕೊಟ್ಟಿದ್ದ ಮೊದಲ ಗಿಡವನ್ನು ಸೀಮೆಎಣ್ಣೆ ಡಬ್ಬದಲ್ಲಿ ನೆಟ್ಟಳು.

ಎರ್ರಮ್ಮನ ಕೂಗಿಗೆ ಮುತ್ಯಾಲಪ್ಪ ಓಡಿಬಂದ.

"ನೆಲದಾಗಿರೋದು ಅಮ್ಮಂದು ಅಂದ್ರಲ್ಲ ಸ್ವಾಮಿ," ಎಂದಳು ನರಸಕ್ಕ, "ನೋಡ್ರಿ, ನೆಲದಾಗೆ ಏನೈತೆ?"

ಪೂಜಾರಿ ಬರಿಯ ಗುಂಡಿಗಳನ್ನು ನೋಡಿದ, ಡಬ್ಬ ನೋಡಿದ. ಒಳಗೆ ಮಗ್ಗದ ಸದ್ದು ನಿಂತಿತು. ಓಬಳೇಶಪ್ಪ ಹೊರಗೆ ಬಂದು, ಯಾರ ಮುಖವನ್ನೂ ನೋಡದೆ, "ಐದು ದಿನ. ಹೋಗ್ಬುಟ್ಟು ಬಾ" ಎಂದ.

ದಿನವಿಡೀ ಬಸ್ಸಿನಲ್ಲಿ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಹಿಂದೂಪುರಕ್ಕೆ ಹೋದಳು. ಪಾಪಕ್ಕ ಜಗುಲಿಯ ಮೇಲೆ ಕೂತಿದ್ದಳು. ಮಗಳು ಮುಂದೆ ನಿಂತರೂ ಅವಳ ಕಣ್ಣು ಬೀದಿಯ ಕಡೆಗೇ ಇತ್ತು. ವಾರದ ಹಿಂದೆ ಎರಡನೆಯದೂ ಹೋಗಿತ್ತು. ನರಸಕ್ಕ ತಾಯಿಯ ಕೈಯನ್ನು ತನ್ನ ಮುಖಕ್ಕೆ ಒತ್ತಿಕೊಂಡು ಗೊಳೋ ಎಂದು ಅತ್ತಳು. ಮುದುಕಿ ಮಗಳ ಕೆನ್ನೆ, ಮೂಗು ಎಲ್ಲ ತಡವಿದಳು, ಆಮೇಲೆ ಡಬ್ಬದ ಹೂವನ್ನು ತಡವಿ ಮೂಗಿಗೆ ಹಿಡಿದಳು.

"ಕನಕಾಂಬ್ರ. ವಾಸ್ನೆ ಇಲ್ವಲ್ಲ, ಗುರ್ತು ಸಿಕ್ತು" ಎಂದು ನಕ್ಕಳು. "ಎಷ್ಟು ನೆಲ ಇರ್ತೀಯ, ಮಗಳೇ?"

ಆ ಮನೆಯಲ್ಲಿ ನೆಲ ಎಂದರೆ ತಿಂಗಳೇ. "ಐದು ದಿನ ಕಣಮ್ಮ" ಎಂದಳು ನರಸಕ್ಕ. ಆರನೆಯ ದಿನ ಗಿಡವನ್ನು ತಾಯಿಯ ಬಚ್ಚಲ ಪಕ್ಕದಲ್ಲಿ ನೆಟ್ಟು, ಖಾಲಿ ಡಬ್ಬ ಹಿಡಿದು ಬಸ್ಸು ಹತ್ತಿದಳು.

ಹಿತ್ತಲು ಬೋಳಾಗಿತ್ತು. ಇನ್ನು ಯಾವಾಗ ಬೇಕಾದರೂ ಹೋಗಿ ತಾಯಿಯ ಪಕ್ಕ ಕೂರಬಹುದು ಎಂದು ನರಸಕ್ಕ ಹಿಗ್ಗಿನಿಂದ ರಾಟೆ ತಿರುಗಿಸಿದಳು. ಮುಂದಿನ ತಿಂಗಳು ಭರಣಿ ಮಳೆ ಹೊಡೆಯಿತು. ಹದಿನೈದು ದಿನಕ್ಕೆ ಎರ್ರಮ್ಮ ಹಿತ್ತಲಿಂದ ಕೂಗಿದಳು.

"ಬಾರೇ ಇಲ್ಲಿ, ಬಂದು ನೋಡು! ಅಮ್ಮ ಬಿಟ್ಟಾಳಾ?"

ನುಗ್ಗೆಮರದ ಕೆಳಗೆ, ಗುಂಡಿಗಳಲ್ಲಿ, ಕಾಲುವೆಯ ಬದಿಯಲ್ಲಿ, ಒಗೆಯುವ ಕಲ್ಲಿನ ಸಂದಿಯಲ್ಲೂ ಎರಡೆರಡು ಎಲೆಯ ಸಸಿಗಳು. ಒಂದು ಸಾಲಿದ್ದ ಕಡೆ ಈಗ ನೂರು. ಅಂದು ತನ್ನ ಕೈಯಿಂದಲೇ ಉದುರಿದ ಒಣತೆನೆಗಳು ನರಸಕ್ಕನಿಗೆ ನೆನಪಾದವು. ಬಗ್ಗಿ ಒಂದನ್ನು ಕಿತ್ತಳು, ಇನ್ನೊಂದನ್ನು ಕಿತ್ತಳು. ಮೂರನೆಯದಕ್ಕೆ ಕೈ ಬರಲಿಲ್ಲ. ಅಂಗೈಯಲ್ಲಿದ್ದ ಎರಡು ಸಸಿಗಳ ಬೇರು ಇನ್ನೂ ನೂಲಿನ ಎಳೆಯಷ್ಟೂ ದಪ್ಪವಾಗಿರಲಿಲ್ಲ.

ಕುಕ್ಕರುಗಾಲಲ್ಲೇ ಅವಳು ಅತ್ತೆಯ ಕಡೆ ತಿರುಗಿದಳು.

"ಇವು ಹೂ ಬಿಡಕ್ಕೆ ಇನ್ನೂ ಐದು ನೆಲ ಬೇಕು ಅತ್ತೆ. ಅಲ್ಲಿ ಗಂಟ ಚೌಡಮ್ಮಂಗೆ ನನ್ನತ್ರ ಏನೂ ಕೆಲ್ಸ ಇಲ್ಲ. ನಾಳೆ ಬಸ್ಸಿಗೆ ಹೋಯ್ತೀನಿ."

ಎರ್ರಮ್ಮ ಕಾಲಡಿಯ ಮಣ್ಣನ್ನು ನೋಡಲಿಲ್ಲ. ಬೆರಳು ಮಡಿಸುತ್ತ ಜ್ಯೇಷ್ಠ, ಆಷಾಢ ಎಂದು ಎಣಿಸತೊಡಗಿದಳು. ನರಸಕ್ಕ ಎದ್ದು, ಕಿತ್ತ ಎರಡು ಸಸಿಗಳನ್ನು ಮತ್ತೆ ಮಣ್ಣಲ್ಲಿ ಊರಿ, ನೀರಿನ ಕೊಡ ತರಲು ಒಳಗೆ ಹೋದಳು.