ಮೊಣಕಾಲ ಮೇಲೆ ಹುಡುಕಿದ ಜಾಗ

ಆ ಮಧ್ಯಾಹ್ನ ಮಿಸ್ತ್ರಿ ಮತ್ತು ನಾನು ಬಬಲೇಶ್ವರದ ಹೊಸ ಮದುವೆ ಹಾಲ್‌ನಲ್ಲಿ ಎಂದಿನಂತೆ ಸ್ಪೀಕರ್ ಕೂಡಿಸುತ್ತಿದ್ದೆವು. ಮರುದಿನ ಬೆಳಿಗ್ಗೆ ಅವರು ತೀರಿಕೊಂಡರು. ವಿಜಯಪುರದ ಆ ಸೌಂಡ್ ಮಿಸ್ತ್ರಿಯ ಕೈಕೆಳಗೆ ನಾನು ಬಹಳ ವರ್ಷ ವೈರ್ ಎಳೆದವನು.

ದಪ್ಪ ದನಿ ಹೊರಡಿಸುವ ಸಬ್‌ವೂಫರ್ ಪೆಟ್ಟಿಗೆಯನ್ನು ಅವರು ಮೊದಲು ಜನ ಕೂಡುವ ಜಾಗದಲ್ಲಿಟ್ಟು ಹಾಡು ಹಚ್ಚುತ್ತಿದ್ದರು. ಆಮೇಲೆ ಪ್ಯಾಂಟ್ ಮಡಚಿ, ಗೋಡೆಗುಂಟ ಮೊಣಕಾಲ ಮೇಲೆ ಹರಿದಾಡುತ್ತ ಕಿವಿಗೊಡುತ್ತಿದ್ದರು. ಗುಂಯ್ ಎನ್ನುವ ಸದ್ದು ಎಲ್ಲಿ ಹದವಾಗಿ ಕೇಳುತ್ತದೋ, ಪೆಟ್ಟಿಗೆಗೆ ಅದೇ ಜಾಗ.

"ಏನ್ರಿ ಮಿಸ್ತ್ರಿ, ಇಲಿ ಹುಡುಕಾಕತ್ತೀರೇನು?" ಎಂದು ಹಾಲ್‌ನ ಮಾಲೀಕರು ಆ ಮಧ್ಯಾಹ್ನ ನಕ್ಕರು. "ಪೆಟಗಿ ಸ್ಟೇಜಿನ ಮ್ಯಾಲ ಇಡ್ರಿ. ಇಷ್ಟ ದೊಡ್ಡದು ತಂದೀವಿ, ಮಂದಿಗೆ ಕಾಣಬೇಕು."

ಮಿಸ್ತ್ರಿ ಎದ್ದು ಮೊಣಕಾಲು ಝಾಡಿಸಿಕೊಂಡರು. "ನೋಡಾಕಲ್ರಿ ಸಾವ್ಕಾರ್ರ, ಕೇಳಾಕ," ಎಂದರು. ಎಲ್ಲ ಮಾಲೀಕರಿಗೂ ಅವರು ಹೇಳುತ್ತಿದ್ದುದು ಅದೇ ಮಾತು. "ಸ್ಟೇಜಿನ ಮ್ಯಾಲಽ ಬೇಕಂದ್ರ ಬ್ಯಾರೇದವ್ರನ್ನ ಕರೀರಿ."

ಪೆಟ್ಟಿಗೆಯನ್ನು ಬಾಗಿಲ ಪಕ್ಕದ ಮೂಲೆಗೆ ಒಯ್ದು ಇಟ್ಟರು.

ಮಿಸ್ತ್ರಿಯನ್ನು ಮಣ್ಣು ಮಾಡಿದ ಮೂರನೆಯ ದಿನ ಮಾಲೀಕರು ನನ್ನನ್ನು ಕರೆಸಿದರು. "ಮಿಸ್ತ್ರಿ ಹ್ವಾದ್ರಲ್ಲ, ಈಗರೆ ಸ್ಟೇಜಿನ ಮ್ಯಾಲ ಇಡಪಾ."

"ಇಡೂದಿಲ್ರಿ. ಎತ್ತೂದಿದ್ರ ನೀವಽ ಎತ್ರಿ," ಎಂದೆ. ಅಷ್ಟು ಗಟ್ಟಿಯಾಗಿ ನಾನು ಯಾರ ಜೊತೆಗೂ ಮಾತಾಡಿದವನಲ್ಲ. ಅವರು ಎತ್ತಲಿಲ್ಲ.

ಪೆಟ್ಟಿಗೆ ಮೂಲೆಯಲ್ಲೇ ಇದೆ. ಗೋಡೆಯ ಸಣ್ಣ ಸ್ಪೀಕರುಗಳನ್ನು ಅದಕ್ಕೆ ಹೊಂದಿಸುವ ಕೆಲಸ ಉಳಿದಿತ್ತು. ನಾನೇ ಹೊಂದಿಸಿದೆ. ಮಿಸ್ತ್ರಿಯ ಕಿವಿ ನನಗಿಲ್ಲ; ಕೊನೆಯ ಸಾಲಿನಲ್ಲಿ ಮೈಕಿನ ಮಾತು ಇನ್ನೂ ಸ್ಪಷ್ಟವಾಗಿ ಕೇಳುವುದಿಲ್ಲ.